ಮಲೆನಾಡಿನ ಗೊಂಬೆಮನೆಗೆ ಗಾಜೋ ಅಕ್ರಿಲಿಕ್ಕೋ ಎಂದು ಕೇಳುವ ಮೊದಲು

ತೀರ್ಥಹಳ್ಳಿ ಕಡೆ ಮನೆ, 1:12 ಅಳತೆಯ, ಅಂದರೆ ನಿಜದ್ದರ ಹನ್ನೆರಡನೇ ಒಂದು ಪಾಲಿನ, ತೊಟ್ಟಿಮನೆ ಮಾಡಿಕೊಂಡು ಒಳಗೆ ಪಾತ್ರೆಪಗಡಿ ಕೂಡಿಸುತ್ತಿದ್ದೀರಿ. ಧೂಳು ಹೋಗದ ಹಾಗೆ ಸುತ್ತ ಸೀಲ್ ಮಾಡಿದ ಪೆಟ್ಟಿಗೆ ಬೇಕು, ಗಾಜೋ ಅಕ್ರಿಲಿಕ್ಕೋ ಎಂದು ಕೇಳಿದ್ದೀರಿ. ಇದೇ ಅಳತೆ, ಇದೇ ಸೀಲು ನನ್ನದೂ ಆಗಿತ್ತು. ಜೂನ್ ಎರಡನೇ ವಾರ ಮುಚ್ಚಿದೆ. ಶ್ರಾವಣದ ಹೊತ್ತಿಗೆ ಜಗಲಿ ಕಂಬಗಳಿಗೆ ಬಿಳಿ ಬೂಷ್ಟು, ಗೋಡೆಗೆ ಅಂಟಿಸಿದ ಕಾಗದದ ತುಂಬ ಕಪ್ಪು ಚುಕ್ಕೆ, ಹಿತ್ತಾಳೆ ಹಂಡೆಗೆ ಹಸಿರು ಕಿಲುಬು. ಅದಕ್ಕೇ ಹೇಳುತ್ತೇನೆ, ನಮ್ಮ ಕಡೆ ಗೊಂಬೆಮನೆಯನ್ನು ತಿನ್ನುವುದು ಧೂಳಲ್ಲ, ಥಂಡಿ, ಅಂದರೆ ತೇವ. ಸೀಲ್ ಮಾಡಬೇಡಿ.

ಆ ತಪ್ಪನ್ನು ಬಿಡಿಸಿ ಹೇಳಬೇಕು, ಯಾಕೆಂದರೆ "ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದರಾಯಿತು" ಎಂದು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಪೆಟ್ಟಿಗೆ 90×45×60 ಸೆಂ.ಮೀ. ಎಂದುಕೊಳ್ಳಿ, ಅಂದರೆ ಸುಮಾರು 240 ಲೀಟರ್. ಶೇ. 90 ತೇವದ ಮಳೆಗಾಲದ ಗಾಳಿಯನ್ನು ಅದರಲ್ಲಿ ತುಂಬಿ ಮುಚ್ಚಿದರೂ ಗಾಳಿಯಲ್ಲಿರುವ ನೀರು 5 ಗ್ರಾಂ ಅಷ್ಟೇ. ನೀರು ಕೂತಿರುವುದು ಮರದಲ್ಲಿ. ಅಂಥ ಗಾಳಿಯಲ್ಲಿ ವಾರಗಟ್ಟಲೆ ಇದ್ದ ಮರ ತನ್ನ ಒಣ ತೂಕದ ಶೇ. 20ರಷ್ಟು ನೀರು ಹಿಡಿದಿರುತ್ತದೆ. ಗಾಳಿಯ ತೇವ ಶೇ. 55 ಇದ್ದಾಗ ಹಿಡಿಯುವುದು ಶೇ. 10 ಮಾತ್ರ. ಮನೆ, ತಳದ ಹಲಗೆ, ಹಿಂಬದಿ ಪ್ಲೈವುಡ್ ಸೇರಿ 6 ಕೆ.ಜಿ. ಮರ ಇದ್ದರೆ ಅರ್ಧ ಕೆ.ಜಿ.ಗೂ ಮಿಕ್ಕಿದ ಹೆಚ್ಚುವರಿ ನೀರನ್ನು ನೀವೇ ಒಳಗಿಟ್ಟು ಬೀಗ ಹಾಕಿದ ಹಾಗೆ. ಸಿಲಿಕಾ ಜೆಲ್ ಶೇ. 55ರ ತೇವದಲ್ಲಿ ತನ್ನ ತೂಕದ ಕಾಲು ಭಾಗದಷ್ಟು ನೀರು ಹೀರುತ್ತದೆ. 100 ಗ್ರಾಂ ಪೊಟ್ಟಣ ಹಾಕಿದರೆ 25 ಗ್ರಾಂ ಹೋಯಿತು, ಉಳಿದದ್ದು ಅಲ್ಲೇ.

ಇದರ ಮೇಲೆ ಒಳಗಿನ ದೀಪ. ಸಂಜೆ ಎಲ್‌ಇಡಿ ಪಟ್ಟಿ ಉರಿದರೆ ಮರ ಬೆಚ್ಚಗಾಗಿ ನೀರು ಬಿಡುತ್ತದೆ. ದೀಪ ಆರಿದ ಮೇಲೆ ಮೊದಲು ತಣ್ಣಗಾಗುವುದು ಗಾಜು, ಆ ನೀರು ಅಲ್ಲಿ ಬೆವರಾಗಿ ಕೂತು ಕೆಳಗಿಳಿದು ತಳದ ಹಲಗೆಯ ಅಂಚಿಗೆ ಸೇರುತ್ತದೆ. ನನ್ನಲ್ಲಿ ಬೂಷ್ಟು ಮೊದಲು ಹತ್ತಿದ್ದು ಆ ಅಂಚಿಗೇ. ಗಾಜು ಕೂಡಿಸಲು ಬಳಸಿದ್ದು ವಿನೆಗರ್ ವಾಸನೆ ಬರುವ ಸಿಲಿಕೋನ್. ಆ ವಾಸನೆ ಅಸಿಟಿಕ್ ಆಮ್ಲದ್ದು. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಥಂಡಿಯ ಜೊತೆ ಸೇರಿ ಹಿತ್ತಾಳೆಯನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಟ್ಯೂಬನ್ನೇ ಕೇಳಿ ತನ್ನಿ, ಕೂಡಿಸಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಡಿ.

ಈಗ ಮಾಡಬೇಕಾದದ್ದು. ಪೆಟ್ಟಿಗೆಗಿಂತ ಮೊದಲು ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಎರಡು ತನ್ನಿ. ಒಂದು ಒಳಗೆ, ಒಂದು ಕೋಣೆಯಲ್ಲಿ. ಒಳಗಿನದು ಶೇ. 65 ದಾಟದಿದ್ದರೆ ನಿಶ್ಚಿಂತೆ. 75 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬಂದೇ ಬರುತ್ತದೆ. ಮರ ಕೊಯ್ಯುವುದು, ಅಂಟಿಸುವುದು, ಬಣ್ಣ ಹಚ್ಚುವುದು ಎಲ್ಲ ಜನವರಿಯಿಂದ ಏಪ್ರಿಲ್ ಒಳಗೆ, ಅಡಕೆ ಒಣಗುವ ಕಾಲದಲ್ಲೇ ಮುಗಿಸಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ, ಅಂಚಿನಲ್ಲಿ ಉಬ್ಬುತ್ತದೆ, ಅದೂ ಆಮ್ಲ ಬಿಡುತ್ತದೆ. ವಾಟರ್‌ಪ್ರೂಫ್ ಪ್ಲೈವುಡ್ ಅಥವಾ ಸಾಮಿಲ್‌ನಲ್ಲಿ ಸಿಗುವ ಹಳೆಯ ತೇಗದ ಚೂರು ಸಾಕು. ಗೋಡೆ ಕಾಗದಕ್ಕೆ ಮೈದಾ ಅಂಟು ಹಾಕಬೇಡಿ, ಬೆಳ್ಳಿಮೀನು ಹುಳಕ್ಕೆ ಅದೇ ಊಟ.

ಪೆಟ್ಟಿಗೆ ಇಡುವುದು ಮಳೆ ಹೊಡೆಯುವ ಹೊರಗೋಡೆಗಲ್ಲ, ಒಳಗೋಡೆಗೆ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಹಿಂಬದಿ ಹಲಗೆಯಲ್ಲಿ ಕೆಳಗೆ ನಾಲ್ಕು, ಮೇಲೆ ನಾಲ್ಕು 12 ಮಿ.ಮೀ. ತೂತು, ಅದರ ಮೇಲೆ ಸ್ಟೀಲ್ ಸೊಳ್ಳೆಜಾಲರಿ, ಜಾಲರಿ ಮೇಲೆ ತೆಳು ಬಟ್ಟೆ. ಧೂಳಿಗೆ ಇಷ್ಟು ತಡೆ ಸಾಕು.

ಮಳೆಗಾಲಕ್ಕೆ ಬೇಕಾದದ್ದು ಶಾಖ. ಹೊಡಸಲ, ಅಂದರೆ ಬೆಂಕಿ ಉರಿಯುವ ಒಲೆಯ, ಮೇಲಿನ ಅಟ್ಟದಲ್ಲಿಟ್ಟ ಬುಟ್ಟಿಗೆ ಬೂಷ್ಟು ಹಿಡಿಯದಿರುವುದು ಈ ಕಾರಣಕ್ಕೇ. 24 ಡಿಗ್ರಿಯಲ್ಲಿ ಶೇ. 90 ತೇವದ ಗಾಳಿ 28 ಡಿಗ್ರಿಗೆ ಏರಿದರೆ ತೇವ ಶೇ. 71ರ ಹತ್ತಿರ ಇಳಿಯುತ್ತದೆ. ಝೀರೋ ಬಲ್ಬಿಗೆ ಆ ಶಕ್ತಿ ಇಲ್ಲ, ಗಾಜಿನಿಂದ ಶಾಖ ಸೋರಿಹೋಗುತ್ತದೆ. ನಾನು ಹೇಳಿದ ಅಳತೆಯ ಪೆಟ್ಟಿಗೆಗೆ ತಳದಲ್ಲಿ ತಗಡಿನ ಬೇರೆ ಖಾನೆ ಮಾಡಿ, ಪಿಂಗಾಣಿ ಹೋಲ್ಡರಿನಲ್ಲಿ 40 ವ್ಯಾಟಿನ ತಂತಿ ಬಲ್ಬ್ ಹಾಕಿ. ಮರದಿಂದ ಒಂದು ಗೇಣಾದರೂ ದೂರ ಇರಲಿ. ಹಗಲುರಾತ್ರಿ ಒಂದೇ ಸಮ ಉರಿಯಬೇಕು, ಹಾಕಿ ಆರಿಸಿದರೆ ಮತ್ತೆ ಗಾಜು ಬೆವರುತ್ತದೆ.

ಆದರೆ ಆಷಾಢದಲ್ಲಿ ನಮ್ಮಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಅದಕ್ಕೆ ನನ್ನ ಖಡಾಖಂಡಿತ ಅಭಿಪ್ರಾಯ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೊಂಬೆಮನೆ ಖಾಲಿ ಇರಲಿ. ಮೇ ಕೊನೆಗೆ ಪಾತ್ರೆ, ಬಟ್ಟೆ, ಕಾಗದ, ಹಾಳೆಟೊಪ್ಪಿ, ಮಳೆಗೆ ಹೊದೆಯುವ ಗೊರಬು, ಸಾಗರದ ಗುಡಿಗಾರರ ಬೆಂಡಿನ ಕೆಲಸ ಇದ್ದರೆ ಅದೂ, ಎಲ್ಲ ಒಂದು ದಿನ ಬೆಚ್ಚನೆಯ ನೆರಳಿನಲ್ಲಿ ಒಣಗಿಸಿ 5 ಲೀಟರಿನ ಬಿಗಿಮುಚ್ಚಳದ ಡಬ್ಬಿಗಳಿಗೆ ಹಾಕಿ. ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್. ಸೀಲು ಕೆಲಸ ಮಾಡುವುದು ಇಲ್ಲಿ, ಒಣಗಿದ ಸಣ್ಣ ವಸ್ತುವಿಗೆ. ಕಿತ್ತಳೆ ಹರಳು ಹಸಿರಾದರೆ 110–120 ಡಿಗ್ರಿ ಒವನ್‌ನಲ್ಲಿ ಬಣ್ಣ ಮರಳುವವರೆಗೆ ಕಾಯಿಸಿ ಮತ್ತೆ ಬಳಸಿ. ನವರಾತ್ರಿಯ ಗೊಂಬೆ ಕೂರಿಸುವ ಹೊತ್ತಿಗೆ ಮನೆ ತುಂಬಿಸಿ.

ಬೂಷ್ಟು ಹಿಡಿದದ್ದು ಈಗಾಗಲೇ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅದು ಮರದೊಳಕ್ಕೆ ಇಳಿಯುತ್ತದೆ. ಮೊದಲು ಒಣಗಿಸಿ, ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆ ಬ್ರಶ್ಶಿನಿಂದ ಉದುರಿಸಿ, ಆಮೇಲೆ ಬಣ್ಣವಿಲ್ಲದ ಬರೀ ಮರಕ್ಕೆ ಶೇ. 70ರ ಆಲ್ಕೋಹಾಲ್. ಚನ್ನಪಟ್ಟಣದ ಗೊಂಬೆಗಳಿಗೆ ಮಾತ್ರ ಅದನ್ನು ಸೋಕಿಸಲೇಬೇಡಿ, ಅವುಗಳ ಬಣ್ಣ ಅರಗಿನದು, ಆಲ್ಕೋಹಾಲಿನಲ್ಲಿ ಕರಗುತ್ತದೆ. ಮರದಿಂದ ಹಿಟ್ಟು ಉದುರುತ್ತಿದ್ದರೆ ಅದು ಕೊರಕ ಹುಳ. ವಸ್ತುವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಮೈನಸ್ 18ರ ಫ್ರೀಜರಿನಲ್ಲಿ ಎರಡು ವಾರ ಇಡಿ, ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ.

ಕೊಳ್ಳುವಾಗ ಒಂದು ಮಾತು. ಜಾತ್ರೆಯ ಹಿತ್ತಾಳೆ ಆಟದ ಪಾತ್ರೆಗಳನ್ನು 12ರಿಂದ ಗುಣಿಸಿ ನೋಡಿ. 4 ಸೆಂ.ಮೀ. ಎತ್ತರದ್ದು ಹಂಡೆಯಾಗಿ ಸರಿ, ಚೊಂಬಾಗಿ ಅಲ್ಲ, ಚೊಂಬು 1 ಸೆಂ.ಮೀ. ಮೀರಬಾರದು. ಮಂಗಳೂರು ಹೆಂಚು 34×20 ಮಿ.ಮೀ. ಬರಬೇಕು. ಇಂಗ್ಲೆಂಡಿನ ವಿಂಡ್ಸರಿನಲ್ಲಿರುವ ರಾಣಿ ಮೇರಿಯ ಗೊಂಬೆಮನೆಯೂ ಇದೇ 1:12. ದೆಹಲಿಯ ರಾಷ್ಟ್ರಪತಿ ಭವನದ ವಾಸ್ತುಶಿಲ್ಪಿ ಲಟ್ಯೆನ್ಸ್ ಅದರ ವಿನ್ಯಾಸಕಾರ, 1924ರಲ್ಲಿ ಮುಗಿದದ್ದು. ಅಲ್ಲಿ ನಲ್ಲಿಯಲ್ಲಿ ನೀರು ಬರುವ, ಲಿಫ್ಟ್ ಓಡುವ ಹಾಗೆ ಮಾಡಿದ್ದಾರೆ. ಅಳತೆಯಲ್ಲಿ ರಾಜಿಯಾಗದೆ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಅದರ ಚಿತ್ರಗಳನ್ನು ನೋಡಿ.

ಇನ್ನು ನಿಮ್ಮ ಪ್ರಶ್ನೆ. ಗಾಜು, 4 ಮಿ.ಮೀ.ದು. ಅಕ್ರಿಲಿಕ್ ತೇವ ಹೀರಿ ಬಾಗುತ್ತದೆ, ಗೀರು ಬೀಳುತ್ತದೆ, ಒರೆಸಿದಷ್ಟೂ ಧೂಳನ್ನು ಎಳೆದುಕೊಳ್ಳುತ್ತದೆ. ಮುಂಭಾಗ ಪೂರ್ತಿ ತೆರೆಯುವ ಬಾಗಿಲಾಗಿರಲಿ, ತಿಂಗಳಿಗೊಮ್ಮೆ ಕೈ ಹಾಕಿ ಪ್ರತಿ ಮೂಲೆ ಮುಟ್ಟಿ ನೋಡಲು ಬರಬೇಕು.