ಓಡುವ ಕಾರಿನೊಳಗೆ ಕಣಜ

ಪ್ರಶ್ನೆ: ಮಕ್ಕಳ ಜೊತೆ ಕಾರಿನಲ್ಲಿ ದೂರದ ಪ್ರವಾಸ ಹೊರಡಲಿದ್ದೇವೆ. ಕಳೆದ ಸಲ ದಾರಿಯಲ್ಲಿ ಕಣಜವೊಂದು ಒಳನುಗ್ಗಿ ಎಲ್ಲರೂ ಗಾಬರಿಯಾದೆವು. ಮತ್ತೆ ಹಾಗಾದರೆ ಏನು ಮಾಡಬೇಕು? ಕೀಟನಾಶಕ ಸ್ಪ್ರೇ ಒಯ್ಯಬಹುದೇ?

ಉತ್ತರ: ಮೊದಲು ಕಾರು ನಿಲ್ಲಬೇಕು, ಹುಳುವಿನ ವಿಚಾರ ಆಮೇಲೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕರು ಎರಡೇ ಸೆಕೆಂಡ್ ಹುಳುವಿನತ್ತ ನೋಡಿದರೂ 44 ಮೀಟರ್ ರಸ್ತೆಯನ್ನು ಕಾಣದೆಯೇ ದಾಟಿರುತ್ತಾರೆ. ಕಣಜದ ಕೊಂಡಿಗಿಂತ ಇದು ಎಷ್ಟೋ ಹೆಚ್ಚು ಅಪಾಯ.

ಆದ್ದರಿಂದ ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಗಕ್ಕನೆ ಬ್ರೇಕ್ ಒತ್ತಿದರೆ ಹಿಂದಿನ ವಾಹನ ಬಂದು ಗುದ್ದೀತು. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನಿಸಿ, ರಸ್ತೆಯಿಂದ ಪೂರ್ತಿ ಅಂಚಿಗೆ ಸರಿದು ನಿಲ್ಲಿಸಿ. ಆಮೇಲೆ ಎಲ್ಲ ಗಾಜುಗಳನ್ನೂ ಕೊನೆಯವರೆಗೆ ಇಳಿಸಿ. ಓಡುವಾಗಲೇ ಇಳಿಸಿದರೆ ಒಳಗೆ ಸುತ್ತುವ ಗಾಳಿ ಹುಳುವನ್ನು ಹಿಂದಿನ ಸೀಟಿನ ಮಕ್ಕಳತ್ತಲೇ ತಳ್ಳಬಹುದು. ಮಕ್ಕಳನ್ನು ಇಳಿಸುವುದಾದರೆ ವಾಹನಗಳು ಓಡಾಡದ ಬದಿಯ ಬಾಗಿಲಿನಿಂದಷ್ಟೇ ಇಳಿಸಿ.

ಕಣಜ, ಜೇನುನೊಣಗಳು ಬೆಳಕಿದ್ದ ಕಡೆ ಹಾರುತ್ತವೆ. ಎಲ್ಲ ಕಿಟಕಿ ತೆರೆದರೂ ಹಿಂದಿನ ಗಾಜಿಗೇ ಬಡಿದುಕೊಳ್ಳುತ್ತಿರುವುದು ಇದೇ ಕಾರಣಕ್ಕೆ. ಆ ಗಾಜು ಇಳಿಯುವುದಿಲ್ಲ. ಅದರ ಮೇಲೆ ಟವೆಲನ್ನು ಮೆಲ್ಲಗೆ ಇಳಿಬಿಟ್ಟು ಬೆಳಕು ತಡೆಯಿರಿ, ಹುಳು ತೆರೆದ ಕಿಟಕಿಯತ್ತ ತಿರುಗುತ್ತದೆ. ಗಾಜಿನ ಮೇಲೆ ಕುಳಿತೇ ಇದ್ದರೆ ಪಾರದರ್ಶಕ ಲೋಟ ಕವುಚಿ, ಅಡಿಯಲ್ಲಿ ದಪ್ಪ ಕಾಗದ ತೂರಿಸಿ ಹೊರಗೆ ಬಿಡಿ. ಹೊಡೆಯಬೇಡಿ. ಅದರಲ್ಲೂ ಜೇನುನೊಣ ಜಜ್ಜಿದಾಗ ಹೊರಡುವ ವಾಸನೆ ಹತ್ತಿರದ ಗೂಡಿನ ನೊಣಗಳನ್ನು ಕೆರಳಿಸುತ್ತದೆ.

ಸ್ಪ್ರೇ ಬೇಡವೇ ಬೇಡ. ಅಷ್ಟು ಚಿಕ್ಕ ಜಾಗದಲ್ಲಿ ಹೊಡೆದ ವಿಷವನ್ನು ನಿಮ್ಮ ಮಕ್ಕಳೇ ಉಸಿರಾಡಬೇಕಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಆ ಡಬ್ಬಿ ಸಿಡಿಯಲೂಬಹುದು.

ಹುಳು ಒಳಬರುವುದು ಹೆಚ್ಚಾಗಿ ತಿನ್ನಲು ನಿಲ್ಲಿಸಿ ಬಾಗಿಲು ತೆರೆದಿಟ್ಟಾಗ. ಹೊರಡುವ ಮುಂಚೆ ಹಣ್ಣಿನ ಸಿಪ್ಪೆ, ಸಿಹಿ ಕವರುಗಳನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ತೆರೆದ ಪಾನೀಯದ ಡಬ್ಬಿಯೊಳಗೆ ಕಣಜ ಇಳಿದಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಗಂಟಲಲ್ಲಿ ಕುಟುಕಿದರೆ ಬಾವಿನಿಂದ ಉಸಿರೇ ಕಟ್ಟಬಹುದು. ಮಕ್ಕಳಿಗೆ ಮುಚ್ಚಳವಿರುವ ಬಾಟಲಿಯೇ ಸರಿ.

ಪ್ರಶ್ನೆ: ಕುಟುಕಿಯೇಬಿಟ್ಟರೆ?

ಉತ್ತರ: ಜೇನುನೊಣದ ಕೊಂಡಿ ಚರ್ಮದಲ್ಲೇ ಉಳಿದು, ಅದಕ್ಕಂಟಿದ ಚೀಲ ವಿಷ ಒತ್ತುತ್ತಲೇ ಇರುತ್ತದೆ. ಚಿಮಟ ಹುಡುಕುತ್ತ ಕೂರದೆ ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಕಣಜ ಕೊಂಡಿ ಬಿಟ್ಟುಹೋಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಕುಟುಕಬಲ್ಲದು. ಸೋಪು ನೀರಿನಿಂದ ತೊಳೆದು, ತಣ್ಣನೆಯ ಒದ್ದೆ ಬಟ್ಟೆಯನ್ನು 10 ನಿಮಿಷ ಒತ್ತಿಹಿಡಿಯಿರಿ. ಕೈಗೆ ಕುಟುಕಿದ್ದರೆ ಊದುವ ಮುಂಚೆಯೇ ಉಂಗುರ ತೆಗೆದಿಡಿ.

ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿದರೆ ಅದು ತೀವ್ರ ಅಲರ್ಜಿ. ಒಂದು ಕ್ಷಣವೂ ಕಾಯದೆ ತುರ್ತು ಸೇವೆಗೆ ಕರೆ ಮಾಡಿ. ಚಾಲಕರಿಗೇ ಕುಟುಕಿದ್ದರೆ ಅರ್ಧ ಗಂಟೆಯಾದರೂ ಕಾರು ಓಡಿಸದಿರಲಿ, ಇಂಥ ಲಕ್ಷಣಗಳು ಸಾಮಾನ್ಯವಾಗಿ ಆ ಹೊತ್ತಿನೊಳಗೇ ಶುರುವಾಗುತ್ತವೆ. ಮನೆಯಲ್ಲಿ ಯಾರಿಗಾದರೂ ಈ ಅಲರ್ಜಿ ಇದ್ದು ವೈದ್ಯರು ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಡಿಕ್ಕಿಯ ಲಗೇಜಿಗೆ ಸೇರಿಸದೆ ಕೈಗೆಟುಕುವಲ್ಲಿ ಇಡಿ. ಊಟಕ್ಕೆಂದು ಇಳಿದಾಗಲೂ ಅದು ನಿಮ್ಮ ಜೊತೆಗೇ ಬರಲಿ, ಬಿಸಿಲಲ್ಲಿ ಕಾದ ಕಾರಿನಲ್ಲಿ ಆ ಔಷಧ ಕೆಡುತ್ತದೆ.