ಉಳಿದ ಗಂಟನ್ನು ರದ್ದಿಗೆ ಹಾಕಬೇಡಿ, ಗುರುಗಳೇ

ಬೈಲಹೊಂಗಲದ ನಿವೃತ್ತ ಮಾಸ್ತರರೊಬ್ಬರ ಪತ್ರ: "ಕಿತ್ತೂರು ಉತ್ಸವ ಬಂತೆಂದರೆ ನೀವು ಇನ್ನೂರು ವರ್ಷದ ಹಿಂದಿನ ಅನ್ಯಾಯ ಕೆದಕುತ್ತೀರಿ. ಚೆನ್ನಮ್ಮ ಹೋರಾಡಿದ್ದು ತನ್ನ ಗದ್ದುಗೆಗೆ. ಅಮೆರಿಕದವರು ಬೇರೆಯಾಗಿದ್ದು ಚಹಾದ ಸುಂಕಕ್ಕೆ. ಸ್ವಾರ್ಥಕ್ಕೆ ಸ್ವಾತಂತ್ರ್ಯದ ಅಂಗಿ ತೊಡಿಸಿದರು, ಅಷ್ಟೇ. ಹಳೆಯ ದೂರು ಹಿಡಿದು ಕೂತರೆ ಯಾವ ಊರೂ ಮುಂದೆ ಹೋಗುವುದಿಲ್ಲ. ನಮ್ಮ ತಂದೆಯವರು ಜಮೀನಿನ ತಗಾದೆಗೆ ಬರೆದ ಅರ್ಜಿಗಳನ್ನು ಹೋದ ದೀಪಾವಳಿಗೆ ರದ್ದಿಗೆ ಹಾಕಿದೆ. ಮನಸ್ಸು ಹಗುರಾಯಿತು. ಇನ್ನೊಂದು ಗಂಟಿದೆ, ಅದನ್ನೂ ಹಾಕುತ್ತೇನೆ."

ಸಂಪಾದಕರ ಉತ್ತರ:

ಗುರುಗಳೇ, ನಮಸ್ಕಾರ. ನಿಮ್ಮ ಅಕ್ಷರ ನೋಡಿದರೆ ಕಲಿಸಿದ ಕೈ ಅಂತ ಗೊತ್ತಾಗುತ್ತದೆ. ಅದೇ ಕೈ ಆ ಕಾಗದಗಳನ್ನು ತಕ್ಕಡಿಗೆ ಹಾಕಿತು ಅಂತ ಓದಿ ಕರುಳು ಚುರ್ ಎಂದಿತು.

ನಿಮ್ಮ ಒಂದು ಮಾತು ನಿಜ. ದೂರುವವರೆಲ್ಲ ಸಾಚಾ ಅಲ್ಲ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಥಾಮಸ್ ಜೆಫರ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದ. ಗುಲಾಮರ ವ್ಯಾಪಾರದ ಬಗ್ಗೆ ಇಂಗ್ಲೆಂಡಿನ ರಾಜನನ್ನು ಬೈದ ಒಂದು ಭಾಗ ಕರಡಿನಲ್ಲಿತ್ತು, ಸಭೆಯವರು ಅದನ್ನು ಹೊಡೆದುಹಾಕಿದರು. ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ದೂರೆಲ್ಲ ಸ್ವಾರ್ಥ ಅನ್ನಬಹುದೇ?

ಚಹಾದ ಮಾತನ್ನೇ ತೆಗೆದುಕೊಳ್ಳಿ. ಬ್ರಿಟಿಷರ 1773ರ ಚಹಾ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾ ತುಟ್ಟಿ ಆಗುತ್ತಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅಲ್ಲಿಗೆ ನೇರವಾಗಿ ಮಾಲು ಕಳಿಸಬಹುದು ಅಂತಾಗಿ ಬೆಲೆ ಇಳಿಯುವುದಿತ್ತು. ಪೌಂಡಿಗೆ ಮೂರು ಪೆನ್ಸ್ ಸುಂಕ ಮೊದಲೇ ಇತ್ತು, ಅದು ಹಾಗೇ ಉಳಿಯಿತು. ಆದರೂ ಆ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರು ಪಾಲಾಯಿತು. ಅಗ್ಗದ ಚಹಾವನ್ನು ಯಾರಾದರೂ ಸುಮ್ನೆ ಚೆಲ್ಲುತ್ತಾರಾ? ಸುಂಕ ಹಾಕಿದ ಪಾರ್ಲಿಮೆಂಟಿನಲ್ಲಿ ಅವರ ಕಡೆಯ ಒಬ್ಬನೂ ಇರಲಿಲ್ಲ. ನಮ್ಮ ಮನೆ ಲೆಕ್ಕ ನಮ್ಮನ್ನು ಕೇಳದೆ ಬರೆಯಲು ಇವರು ಯಾರು ಅನ್ನುವ ಸಿಟ್ಟು ಅದು.

51 ವರ್ಷ ಕಳೆದ ಮೇಲೆ ಅದೇ ಕಂಪನಿಯ ಕಲೆಕ್ಟರ್ ಥ್ಯಾಕರೆ ಧಾರವಾಡದಿಂದ ಬಂದು ಕಿತ್ತೂರಿನ ಖಜಾನೆಗೆ ಮುದ್ರೆ ಒತ್ತಿದ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಿದ್ದರು. ಅವರ ದತ್ತು ಮಗ ನಡೆಯುವುದಿಲ್ಲ ಅಂದ ಥ್ಯಾಕರೆ. ಮಗ ಯಾರು ಅಂತ ಮನೆಯವರು ಹೇಳಬೇಕೋ, ಧಾರವಾಡದ ಸಾಹೇಬ ಹೇಳಬೇಕೋ? 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಚೆನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದು ನ್ಯಾಯ ಕೇಳಿದ್ದಳು ಅನ್ನುವುದು ಎಷ್ಟು ಮಕ್ಕಳಿಗೆ ಗೊತ್ತು? ಖಡ್ಗಕ್ಕೂ ಮೊದಲು ಆಕೆ ಕೈಗೆತ್ತಿಕೊಂಡಿದ್ದು ಲೇಖನಿ.

ಅಮೆರಿಕದವರೂ ಹಾಗೇ. 1775ರಲ್ಲಿ ಕೊನೆಯ ಸಲ ಅಂತ ಮೂರನೇ ಜಾರ್ಜ್‌ಗೆ ವಿನಯದ ಅರ್ಜಿ ಕಳಿಸಿದರು. ಅವನು ಅದನ್ನು ಸ್ವೀಕರಿಸಲೇ ಇಲ್ಲ. ಮರುವರ್ಷ ಘೋಷಣೆ ಬಂತು. ಅದರ ಮೊದಲ ಸಾಲುಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟ ಆಗುವುದು ನಡುವಿನ ಪಟ್ಟಿ. 27 ದೂರುಗಳಿವೆ. ಒಂದು ದೂರು ಹೀಗಿದೆ: ನಮ್ಮ ಪ್ರತಿನಿಧಿಗಳ ಸಭೆಯನ್ನು ರಾಜ ಬೇಕಂತಲೇ ದೂರದ, ಅನುಕೂಲ ಇಲ್ಲದ ಜಾಗಕ್ಕೆ ಕರೆಸಿದ, ನಮ್ಮ ದಾಖಲೆಗಳಿರುವ ಊರಿನಿಂದ ದೂರಕ್ಕೆ, ನಾವು ದಣಿದು ಹೂಂ ಅನ್ನಲಿ ಅಂತ. ಇದನ್ನು ಓದಿದಾಗ ನನಗೆ ನಮ್ಮ ಅಜ್ಜ ನೆನಪಾದರು.

ನಮ್ಮದು ಬಾಗಲಕೋಟೆ ಕಡೆಯ ಮುಳುಗಡೆ ಊರು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಅಜ್ಜನ ಕಪ್ಪು ಮಣ್ಣಿನ ಎರಿ ಹೊಲವನ್ನು ಸರ್ವೇಯವರು ಕೆಂಪು ಮಣ್ಣಿನ ಮಸಾರಿ ಅಂತ ಬರೆದುಕೊಂಡರು. ಹೊಲದಲ್ಲಿದ್ದ ಬಾವಿಯನ್ನು ಬರೆಯಲೇ ಇಲ್ಲ. ಪರಿಹಾರ ಅರ್ಧಕ್ಕೆ ಇಳಿಯಿತು. ಅಜ್ಜ ಬಸ್ಸು ಹತ್ತಿ ಕಚೇರಿಗೆ ಹೋಗುತ್ತಿದ್ದರು, ಫೈಲು ಇನ್ನೊಂದು ಕಚೇರಿಯಲ್ಲಿದೆ ಅನ್ನುತ್ತಿದ್ದರು. ಅವರ ಟ್ರಂಕಿನಲ್ಲಿ 14 ಅರ್ಜಿಗಳ ನಕಲು ಸಿಕ್ಕವು. ನೀಲಿ ಕಾರ್ಬನ್, ಮೂಲೆಯಲ್ಲಿ ಗುಂಡನೆಯ ಶಿಕ್ಕಾ. ಮೊದಲ ಅರ್ಜಿ ಎರಡು ಪುಟ. ಅದರ ತುಂಬಾ ಮಹಾಸ್ವಾಮಿಗಳು, ಪಾದಾರವಿಂದ, ಕೃಪೆ. ಆರನೆಯದರಲ್ಲಿ ಬಾವಿಯ ಮೆಟ್ಟಿಲುಗಳ ಲೆಕ್ಕ ಇದೆ. ಹದಿನಾಲ್ಕನೆಯದರಲ್ಲಿ ಎರಡೇ ಸಾಲು: "ಬಾವಿ ಇದೆ. ಬಂದು ನೋಡಿರಿ." ಅಷ್ಟರಲ್ಲಿ ಬಾವಿಯ ಮೇಲೆ ನೀರು ನಿಂತಿತ್ತು.

ಅಜ್ಜ ಬಂಡಾಯಗಾರ ಅಲ್ಲ. ಬೆಳಗಾದರೆ ವಿಭೂತಿ ಹಚ್ಚಿಕೊಂಡು ಹೊಲಕ್ಕೆ ಹೋಗುವ ಮನುಷ್ಯ. ಆದರೆ ಆ 14 ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದ ಮೇಲೆ, ಜನ ಯಾಕೆ ಒಂದು ದಿನ ಸಾಕು ಅನ್ನುತ್ತಾರೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಜಿಲ್ಲೆಯ ಹಲಗಲಿ ನೋಡಿ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಹುಕುಂ ಬಂತು. ಬೇಟೆಯೇ ಬದುಕಾಗಿದ್ದ ಬೇಡರಿಗೆ ಅದು ಕೈ ಕತ್ತರಿಸಿಕೊಡಿ ಅಂದ ಹಾಗೆ. ಕೊಡಲಿಲ್ಲ. ನವೆಂಬರ್‌ನಲ್ಲಿ ದಂಡು ಬಂದು ಊರು ಸುಟ್ಟಿತು. ಜಡಗ, ಬಾಲರ ಹೆಸರು ಲಾವಣಿಯಲ್ಲಿ ಉಳಿದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ಲಾವಣಿಕಾರ ಕೊಡುವ ಲೂಟಿಯ ಲೆಕ್ಕ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಬೆಲ್ಲ, ಕೊನೆಗೆ ಬೀಸುಕಲ್ಲು ಕೂಡ. ಅರ್ಜಿ ಕೊಡಲು ಅವನಿಗೆ ಕಚೇರಿ ಇರಲಿಲ್ಲ. ಹಾಡಿನಲ್ಲೇ ಪಟ್ಟಿ ಬರೆದಿಟ್ಟ. ಜೆಫರ್ಸನ್ನನ 27ರ ಪಕ್ಕದಲ್ಲಿ ಇದನ್ನಿಡಲು ನನಗೆ ಯಾವ ಸಂಕೋಚವೂ ಇಲ್ಲ.

1930ರ ಜನವರಿ 26ರಂದು ದೇಶದ ತುಂಬಾ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯೂ ಪಟ್ಟಿಯೇ. ನಮ್ಮ ಸರಾಸರಿ ಆದಾಯ ದಿನಕ್ಕೆ ಏಳು ಪೈಸೆ. ಕಟ್ಟುವ ತೆರಿಗೆಯಲ್ಲಿ ನೂರಕ್ಕೆ 20 ಭೂಕಂದಾಯದ್ದು, 3 ಉಪ್ಪಿನದು. ಆಯುಧ ಕಿತ್ತುಕೊಂಡು ನಮ್ಮ ಎದೆಗಾರಿಕೆ ತೆಗೆದರು ಅನ್ನುವ ಮಾತೂ ಅದರಲ್ಲಿದೆ. 73 ವರ್ಷದ ಮೇಲೆ ಹಲಗಲಿಯ ದೂರು ಇಡೀ ದೇಶದ ದೂರಾಯಿತು, ಅಲ್ವಾ? 1945ರಲ್ಲಿ ವಿಯೆಟ್ನಾಂ ಸ್ವತಂತ್ರ ಅಂತ ಘೋಷಿಸಿದ ಹೋ ಚಿ ಮಿನ್ ಕೂಡ ಫ್ರೆಂಚರು ಶಾಲೆಗಿಂತ ಜೈಲು ಜಾಸ್ತಿ ಕಟ್ಟಿದರು ಅಂತ ಲೆಕ್ಕ ಒಪ್ಪಿಸಿದ್ದ.

ನನ್ನ ಸಂಕಟ ಇರುವುದು ಇಲ್ಲಿ. ನಮ್ಮ ಪಾಠದಲ್ಲಿ ಕುದುರೆ ಇದೆ, ಖಡ್ಗ ಇದೆ, ಇಸವಿ ಇದೆ. ದೂರು ಇಲ್ಲ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು ಅಂತ ಹುಡುಗರು ಥಟ್ಟನೆ ಹೇಳುತ್ತಾರೆ. ಅವನ ಹೊಲಕ್ಕೆ ಏನಾಯಿತು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ನಮ್ಮ ಭಾಗ 1956ರವರೆಗೆ ಮುಂಬೈಗೆ ಸೇರಿತ್ತು. ಹಳೆಯ ಕಾಗದ ಎಷ್ಟೋ ಅಲ್ಲೇ ಉಳಿದವು. ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರುವುದನ್ನು ಓದುವವರು ಊರಿಗೆ ಒಬ್ಬರೂ ಸಿಗುವುದಿಲ್ಲ. ಹೀಗಿರುವಾಗ ಮನೆಯ ಅಟ್ಟದಲ್ಲಿ ಕನ್ನಡದಲ್ಲೇ ಬರೆದಿಟ್ಟ ಕಾಗದವನ್ನು ನಾವೇ ಕಿಲೋ ಲೆಕ್ಕದಲ್ಲಿ ಮಾರಿದರೆ ಯಾರನ್ನು ಬೈಯೋಣ? ನಿಮ್ಮ ತಂದೆಯವರು ಅದನ್ನು ದ್ವೇಷಕ್ಕೆ ಬರೆದಿರಲಿಕ್ಕಿಲ್ಲ. ಯಾರಾದರೂ ಓದುತ್ತಾರೆ ಅನ್ನುವ ನಂಬಿಕೆಯಿಂದ ಬರೆದಿದ್ದರು. ನೀವು ಒಂದು ಸಲ ಓದಿದ್ದೀರಾ, ಗುರುಗಳೇ?

ಉಳಿದ ಗಂಟನ್ನು ನಮಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಖರ್ಚು ನಮ್ಮದು. ಝೆರಾಕ್ಸ್ ಮಾಡಿಕೊಂಡು ಮೂಲ ಪ್ರತಿಗಳನ್ನು ತಿಂಗಳೊಳಗೆ ವಾಪಸ್ ಮುಟ್ಟಿಸುತ್ತೇವೆ. ಆ ರದ್ದಿ ಅಂಗಡಿಯವರನ್ನೂ ಒಮ್ಮೆ ಕೇಳಿ ನೋಡಿ. ಕೆಲವು ಸಲ ಗಂಟು ಬಿಚ್ಚದೆ ಹಾಗೇ ಮೂಲೆಯಲ್ಲಿ ಇಟ್ಟಿರುತ್ತಾರೆ.