ಓದುಗರ ಪ್ರಶ್ನೆ: ಗಿಡಕ್ಕೆ ಎಲ್‌ಇಡಿ ಹಾಕುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯೊಳಗೆ ದೀಪ ಹಾಕಿ ಗಿಡ ಬೆಳೆಸುವವರದ್ದು. ಅರ್ಧ ಜನಕ್ಕೆ ಗಿಡದ ಚಿಂತೆ, ಇನ್ನರ್ಧ ಜನಕ್ಕೆ ವೈರಿನ ಚಿಂತೆ. ಎರಡನ್ನೂ ಒಟ್ಟಿಗೇ ಇಟ್ಟಿದ್ದೇನೆ, ಯಾಕೆಂದರೆ ನೀರು ಹಾಕುವ ಜಾಗದಲ್ಲೇ ಕರೆಂಟ್ ಕೂಡ ಇರುತ್ತದೆ.

ಪ್ರಶ್ನೆ: "1000 ವಾಟ್" ಎಂದು ಬರೆದಿದ್ದ ಗ್ರೋ ಲೈಟ್ ತಂದು ಹಾಕಿದೆ. ಎರಡು ವಾರ ಆಯಿತು, ಟೊಮ್ಯಾಟೊ ಸಸಿಗಳು ದಾರದ ಹಾಗೆ ಉದ್ದವಾಗಿ ಬಾಗಿ ಬೀಳುತ್ತಿವೆ. ಇಷ್ಟು ಪವರ್ ಇದ್ದೂ ಹೀಗೇಕೆ?

ಉತ್ತರ: ಸಸಿ ಹಾಗೆ ಸಣಕಲಾಗಿ ಉದ್ದ ಹೋಗುವುದು ಹೆಚ್ಚಾಗಿ ಬೆಳಕು ಸಾಲದಿದ್ದಾಗ. ಮೊದಲು ಲೈಟಿನ ಹಿಂಬದಿ ಅಂಟಿಸಿದ ಚೀಟಿ ಓದಿ. ಕರೆಂಟ್ ನಿಜವಾಗಿ ಎಷ್ಟು ಎಳೆಯುತ್ತದೆ ಎಂಬುದು ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಂಥ ಲೈಟುಗಳಲ್ಲಿ ಅದು 100 ವಾಟಿನ ಆಸುಪಾಸು ಇರುವುದೇ ಜಾಸ್ತಿ. ಡಬ್ಬಿಯ ಮೇಲಿನ 1000 ಅನ್ನೋದು ಒಳಗಿರುವ ಚಿಪ್‌ಗಳು ತಡೆಯಬಲ್ಲ ಗರಿಷ್ಠವನ್ನೆಲ್ಲ ಕೂಡಿಸಿ ಬರೆದ ಲೆಕ್ಕ, ಇಲ್ಲವೇ ಹಳೇ ಕಾಲದ ದೊಡ್ಡ ಸೋಡಿಯಂ ದೀಪಕ್ಕೆ ಸಮ ಎಂದು ಹೇಳಿಕೊಂಡದ್ದು. ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಇದ್ದರೆ ಒಂದೇ ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ.

ಆದರೆ ವಾಟ್ ಹೇಳುವುದು ಎಷ್ಟು ಕರೆಂಟ್ ಖರ್ಚಾಯಿತು ಎಂದು ಮಾತ್ರ. ಲುಮೆನ್ ಹೇಳುವುದು ನಮ್ಮ ಕಣ್ಣಿಗೆ ಎಷ್ಟು ಬೆಳಕು ಕಾಣುತ್ತದೆ ಎಂದು, ಮತ್ತು ನಮ್ಮ ಕಣ್ಣಿಗೆ ಹಸಿರು ಬಣ್ಣ ಎಲ್ಲಕ್ಕಿಂತ ಜಾಸ್ತಿ ಕಾಣುತ್ತದೆ. ಗಿಡದ ಲೆಕ್ಕ ಬೇರೆ. 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಪ್ರತಿ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದೇ ಅದಕ್ಕೆ ಮುಖ್ಯ. ಇದನ್ನು ಪಿಪಿಎಫ್‌ಡಿ ಎನ್ನುತ್ತಾರೆ, ಅಳತೆ ಮೈಕ್ರೊಮೋಲ್‌ನಲ್ಲಿ. ಎಲೆ ನೋಡಲಿಕ್ಕೆ ಬೆಳೆಸುವ ನೆರಳಿನ ಗಿಡಗಳಿಗೆ 50ರಿಂದ 150 ಇದ್ದರೆ ನಡೆಯುತ್ತದೆ. ಸಸಿಗಳಿಗೆ ಸುಮಾರು 200 ಬೇಕು. ಟೊಮ್ಯಾಟೊ ಕಾಯಿ ಬಿಡುವ ಹಂತಕ್ಕೆ ಬಂದ ಮೇಲೆ 400ರಿಂದ 600 ಕೊಟ್ಟರೆ ಒಳ್ಳೆಯದು. ಹೋಲಿಕೆಗೆ ಹೇಳುವುದಾದರೆ ನಡು ಮಧ್ಯಾಹ್ನದ ಬಿಸಿಲು 2000ದ ಹತ್ತಿರ ಇರುತ್ತದೆ. ಮನೆಯೊಳಗೆ ನಮಗೆ ಧಾರಾಳ ಎನಿಸುವ ಬೆಳಕು ಗಿಡಕ್ಕೆ ಅರೆಗತ್ತಲು.

ಪಿಪಿಎಫ್‌ಡಿ ಮೀಟರ್ ಎಲ್ಲರ ಹತ್ತಿರ ಇರುವುದಿಲ್ಲ, ಅದಕ್ಕೆ ಒಂದು ಸುಲಭ ದಾರಿ ಇದೆ. ಬಿಳಿ ಎಲ್‌ಇಡಿ ಆಗಿದ್ದರೆ ಲಕ್ಸ್ ಮೀಟರನ್ನು, ಅಥವಾ ಫೋನಿನ ಲಕ್ಸ್ ಆ್ಯಪನ್ನು, ಎಲೆಯ ಎತ್ತರದಲ್ಲಿ ಇಟ್ಟು ಓದಿ, ಬಂದ ಸಂಖ್ಯೆಯನ್ನು 70ರಿಂದ ಭಾಗಿಸಿ. 14,000 ಲಕ್ಸ್ ಬಂದರೆ ಸುಮಾರು 200. ಫೋನಿನ ಲೆಕ್ಕ ಅಷ್ಟು ನಿಖರ ಅಲ್ಲ, ಆದರೂ 3,000 ಇದೆಯೋ 14,000 ಇದೆಯೋ ಅನ್ನೋದು ಸ್ಪಷ್ಟವಾಗಿ ಗೊತ್ತಾಗುತ್ತದೆ, ನಿಮಗೆ ಈಗ ಬೇಕಾದದ್ದೂ ಅಷ್ಟೇ. ನೇರಳೆ ಬಣ್ಣದ ದೀಪಕ್ಕೆ ಮಾತ್ರ ಈ ಭಾಗಾಕಾರ ಹಾಕಬೇಡಿ, ತಪ್ಪು ಉತ್ತರ ಬರುತ್ತದೆ.

ಅಳತೆ ಆದ ಮೇಲೆ ಲೈಟನ್ನು ಕೆಳಗೆ ಇಳಿಸಿ ನೋಡಿ. ಸಣ್ಣ ಬಲ್ಬ್ ಆದರೆ ದೂರ ಎರಡರಷ್ಟು ಆದಾಗ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಅಗಲವಾದ ಪ್ಯಾನೆಲ್‌ನಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ, ಆದರೂ ನಾಲ್ಕು ಬೆರಳು ಕೆಳಗೆ ತಂದರೆ ವ್ಯತ್ಯಾಸ ಕಾಣುತ್ತದೆ. ಸುತ್ತ ಬಿಳಿ ಹಲಗೆಯನ್ನೋ ಬಿಳಿ ಬಣ್ಣ ಬಳಿದ ಗೋಡೆಯನ್ನೋ ಇಟ್ಟುಕೊಂಡರೆ ಪಕ್ಕಕ್ಕೆ ಚೆಲ್ಲುವ ಬೆಳಕೂ ಎಲೆಗೇ ವಾಪಸ್ ಬರುತ್ತದೆ. ಒಂದು ಎಚ್ಚರಿಕೆ, ತೀರಾ ಹತ್ತಿರ ತಂದಾಗ ಮೇಲಿನ ಎಲೆಗಳು ಬಿಳಿಚಿಕೊಂಡರೆ ಬೆಳಕು ಜಾಸ್ತಿ ಆಯಿತು ಎಂದು ತಿಳಿದು ಸ್ವಲ್ಪ ಮೇಲೆತ್ತಿ.

ಪ್ರಶ್ನೆ: ಗಿಡಕ್ಕೆ ನೇರಳೆ ದೀಪವೇ ಬೇಕಾ? ಮಾಮೂಲಿ ಬಿಳಿ ಎಲ್‌ಇಡಿ ಸಾಲದೇ?

ಉತ್ತರ: ಸಾಕು. ನಾನಾದರೆ ಬಿಳಿಯನ್ನೇ ಆರಿಸುತ್ತೇನೆ. ಎಲೆಯ ಹಸಿರು ಕೆಂಪು ಮತ್ತು ನೀಲಿ ಬೆಳಕನ್ನು ಜಾಸ್ತಿ ಹೀರುತ್ತದೆ ಅನ್ನೋದು ನಿಜ, ಅದಕ್ಕೇ ಆ ಎರಡೇ ಬಣ್ಣ ಹಾಕಿ ನೇರಳೆ ದೀಪ ಮಾಡಿದರು. ಆದರೆ ಹಸಿರು ಬೆಳಕೂ ವ್ಯರ್ಥ ಆಗುವುದಿಲ್ಲ, ಅದು ಎಲೆಯ ಆಳಕ್ಕೆ, ಕೆಳಗಿನ ಎಲೆಗಳ ತನಕ ಇಳಿದು ಅಲ್ಲಿ ಕೆಲಸ ಮಾಡುತ್ತದೆ. ಬಿಳಿ ಎಲ್‌ಇಡಿ ಅಂದರೂ ಒಳಗೆ ಇರುವುದು ನೀಲಿ ಚಿಪ್ಪೇ, ಮೇಲೆ ಹಚ್ಚಿದ ಹಳದಿ ಲೇಪ ಆ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಆ ನೀಲಿ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬಿಳಿ ಬೆಳಕಿನಲ್ಲಿ ಇನ್ನೊಂದು ದೊಡ್ಡ ಲಾಭ ಇದೆ, ಎಲೆ ಹಳದಿ ಆಗಿದ್ದು, ಹುಳ ಕೂತಿದ್ದು ಕಣ್ಣಿಗೆ ಕಾಣುತ್ತದೆ. ನೇರಳೆಯಲ್ಲಿ ಎಲ್ಲ ಎಲೆಯೂ ಕಪ್ಪು.

ಪ್ರಶ್ನೆ: ನೀರು ಹಾಕುವಾಗ ಲೈಟಿನ ಅಲ್ಯೂಮಿನಿಯಂ ಚೌಕಟ್ಟು ಕೈಗೆ ತಗುಲಿದರೆ ಜುಮ್ ಅನ್ನುತ್ತದೆ. ಸಣ್ಣ ಶಾಕ್, ಅಷ್ಟೇನೂ ಜೋರಿಲ್ಲ. ಪರವಾಗಿಲ್ಲ ಅಲ್ವಾ?

ಉತ್ತರ: ಪರವಾಗಿಲ್ಲ ಅನ್ನಲು ನನ್ನಿಂದ ಆಗುವುದಿಲ್ಲ. ಇದನ್ನು ಓದಿದ ಕೂಡಲೇ ಪ್ಲಗ್ ಕಿತ್ತುಬಿಡಿ, ಆಮೇಲೆ ಮುಂದಿನದು ಓದಿ.

ಎಲ್‌ಇಡಿ ಡ್ರೈವರ್ ಒಳಗೆ, ಅಂದರೆ ಮನೆಯ ಕರೆಂಟನ್ನು ಎಲ್‌ಇಡಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಭಾಗದ ಒಳಗೆ, ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ಮೂಲಕ ತೀರಾ ಸ್ವಲ್ಪ ಕರೆಂಟ್ ಲೋಹದ ಚೌಕಟ್ಟಿಗೆ ಬರುತ್ತಲೇ ಇರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನಿಮಗೆ ಜುಮ್ ಅಂದಿದೆ ಅಂದರೆ ಅರ್ಥಿಂಗ್ ಎಲ್ಲೋ ಕಡಿದಿದೆ ಎಂಬ ಅನುಮಾನ ಮೊದಲು ಬರುತ್ತದೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದಿರಬಹುದು, ಎರಡು ಪಿನ್ನಿನ ಅಡಾಪ್ಟರ್ ನಡುವೆ ಸಿಕ್ಕಿಸಿರಬಹುದು, ಸಾಕೆಟ್ಟಿಗೇ ಅರ್ಥ್ ವೈರ್ ಎಳೆಯದೆ ಬಿಟ್ಟಿರಬಹುದು. ಇನ್ನೂ ಕೆಟ್ಟ ಕಾರಣವೂ ಇರಬಹುದು, ಒಳಗೆ ಫೇಸ್ ವೈರಿನ ಮೇಲಿನ ಕವಚ ಸವೆದು ನೇರವಾಗಿ ಚೌಕಟ್ಟಿಗೆ ತಾಗುತ್ತಿರಬಹುದು. ಒಣಗಿದ ಕೈ, ಕಾಲಲ್ಲಿ ಚಪ್ಪಲಿ ಇದ್ದಾಗ ಎರಡೂ ಒಂದೇ ಥರ ಜುಮ್ ಅನ್ನಬಹುದು. ಒದ್ದೆ ಕೈ, ಬರಿಗಾಲು, ಒದ್ದೆ ನೆಲ ಆದರೆ ಎರಡನೆಯದು ಜೀವ ತೆಗೆಯುತ್ತದೆ. ಯಾವುದು ಎಂದು ಮುಟ್ಟಿ ನೋಡಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ, ಎಲೆಕ್ಟ್ರಿಷಿಯನ್ ಕರೆದು ಮೀಟರಿನಲ್ಲೇ ನೋಡಿಸಬೇಕು.

ಅವರು ಬಂದಾಗ ಗಿಡಗಳಿರುವ ಸಾಕೆಟ್ಟಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಎಂದೂ ಕೇಳಿ, ಇಲ್ಲದಿದ್ದರೆ ಹಾಕಿಸಿ. ಎಂಸಿಬಿ ಇದೆಯಲ್ಲ ಎಂದು ಸುಮ್ನೆ ಇರಬೇಡಿ. ಎಂಸಿಬಿ ಕಾಪಾಡುವುದು ವೈರನ್ನು, ಆಂಪಿಯರ್‌ಗಟ್ಟಲೆ ಕರೆಂಟ್ ಹರಿದಾಗ ಮಾತ್ರ ಅದು ಬೀಳುತ್ತದೆ. ಮನುಷ್ಯನ ಪ್ರಾಣಕ್ಕೆ ಅದರ ಸಾವಿರದ ಕೆಲವು ಪಾಲು ಸಾಕು. ಆರ್‌ಸಿಸಿಬಿ ಹೋದ ಕರೆಂಟ್ ವಾಪಸ್ ಬಂತೇ ಎಂದು ನೋಡುತ್ತಾ ಇರುತ್ತದೆ, ಲೆಕ್ಕ ತಪ್ಪಿದರೆ ಕ್ಷಣದಲ್ಲಿ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ.

ವೈರ್ ಎಳೆಯುವಾಗ ಇನ್ನೆರಡು ವಿಷಯ. ಸಾಕೆಟ್ಟಿಗೆ ಬರುವ ಮುನ್ನ ವೈರು ಸಾಕೆಟ್ಟಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಏರುವಂತೆ ಬಿಡಿ. ವೈರಿನ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡನ್ನು ಕುಂಡದ ಕೆಳಗೆ, ನೆಲದ ಮೇಲೆ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು ನೇತುಹಾಕಿ. ಗೊಬ್ಬರ ಕರಗಿಸಿದ ನೀರು ಬರೀ ನೀರಿಗಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ ಅನ್ನೋದು ನೆನಪಿರಲಿ.

ಪ್ರಶ್ನೆ: ಕಪಾಟಿನ ಅರೆಗಳಿಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಐದು ಮೀಟರ್ ಅಂಟಿಸಿದ್ದೇನೆ. ಕೊನೆಯ ಭಾಗ ಮಂಕಾಗಿದೆ, ಅಡಾಪ್ಟರ್ ಮುಟ್ಟಲಾಗದಷ್ಟು ಬಿಸಿ. ಅಡಾಪ್ಟರ್ 5 ಆಂಪಿಯರ್.

ಉತ್ತರ: ಸ್ಟ್ರಿಪ್ ಪೊಟ್ಟಣದಲ್ಲಿ ಮೀಟರಿಗೆ ಎಷ್ಟು ವಾಟ್ ಎಂದು ನೋಡಿ. ಮೀಟರಿಗೆ 14.4 ವಾಟಿನದು ತುಂಬಾ ಸಾಮಾನ್ಯ. ಅದಾಗಿದ್ದರೆ ಐದು ಮೀಟರಿಗೆ 72 ವಾಟ್, ಅಂದರೆ 12 ವೋಲ್ಟಿನಲ್ಲಿ 6 ಆಂಪಿಯರ್. ನಿಮ್ಮ ಅಡಾಪ್ಟರ್ ಕೊಡಬಲ್ಲದ್ದು 60 ವಾಟ್. ಅದು ದಿನವಿಡೀ ಶಕ್ತಿ ಮೀರಿ ದುಡಿಯುತ್ತಿದೆ, ಬಿಸಿ ಆಗದೆ ಇನ್ನೇನು. ಇಷ್ಟು ಹೊತ್ತು ಉರಿಯುವ ದೀಪಕ್ಕೆ ಅಡಾಪ್ಟರಿನ ಶಕ್ತಿಯಲ್ಲಿ ನೂರಕ್ಕೆ ಎಂಬತ್ತು ಮಾತ್ರ ಬಳಸಬೇಕು, ಆ ಲೆಕ್ಕದಲ್ಲಿ ನಿಮಗೆ 90 ವಾಟಿನದು, ಅಂದರೆ 7.5 ಆಂಪಿಯರಿನದು ಬೇಕು.

ಕೊನೆ ಮಂಕಾಗುವುದು ಬೇರೆ ಕಾರಣಕ್ಕೆ. ಸ್ಟ್ರಿಪ್ಪಿನ ತಾಮ್ರದ ಪಟ್ಟಿ ತೀರಾ ತೆಳು, ದೂರ ಹೋದ ಹಾಗೆ ವೋಲ್ಟೇಜ್ ಕುಸಿಯುತ್ತದೆ. ಅಡಾಪ್ಟರಿನಿಂದ ಇನ್ನೊಂದು ಜೊತೆ ದಪ್ಪ ವೈರ್ ಎಳೆದು ಸ್ಟ್ರಿಪ್ಪಿನ ಕೊನೆಗೂ ಕೊಡಿ. ಮುಂದೆ ಹೊಸದು ತರುವುದಾದರೆ 24 ವೋಲ್ಟಿನದು ತನ್ನಿ, ಅಷ್ಟೇ ವಾಟಿಗೆ ಕರೆಂಟ್ ಅರ್ಧ ಸಾಕು. ಮರದ ಮೇಲೆ ನೇರವಾಗಿ ಅಂಟಿಸಿದ್ದರೆ ಬಿಡಿಸಿ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅಂಟಿಸಿ. ಎಲ್‌ಇಡಿ ಸಾಯುವುದು ಶಾಖಕ್ಕೆ.

ಪ್ರಶ್ನೆ: ನನ್ನ ಸಿಒಬಿ ಲೈಟಿನ (ಒಂದೇ ಫಲಕದ ಮೇಲೆ ಹಲವು ಎಲ್‌ಇಡಿ ಚಿಪ್ ಒತ್ತಾಗಿ ಕೂರಿಸಿದ್ದು) ಡ್ರೈವರ್ ಸುಟ್ಟುಹೋಯಿತು. ಅದೇ 36 ವೋಲ್ಟಿನ ಬೇರೆ ಅಡಾಪ್ಟರ್ ಮನೆಯಲ್ಲಿದೆ. ಹಾಕಲಾ?

ಉತ್ತರ: ಬೇಡ. ಸ್ಟ್ರಿಪ್ಪಿನಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್ ಇರುತ್ತದೆ, ಸಿಒಬಿಯಲ್ಲಿ ಇರುವುದಿಲ್ಲ. ಎಲ್‌ಇಡಿ ಬಿಸಿ ಆದಂತೆ ಅದೇ ವೋಲ್ಟೇಜಿಗೆ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದರಿಂದ ಇನ್ನೂ ಬಿಸಿ, ಇನ್ನೂ ಕರೆಂಟ್, ಕೊನೆಗೆ ಸುಡುತ್ತದೆ. ಅದಕ್ಕೆ ಬೇಕಾದದ್ದು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಡ್ರೈವರ್. ಹಳೇ ಡ್ರೈವರಿನ ಮೇಲೆ ಎಷ್ಟು ಮಿಲಿ ಆಂಪಿಯರ್ ಎಂದಿದೆಯೋ ಅಷ್ಟೇ ಇರುವ, ವೋಲ್ಟೇಜಿನ ವ್ಯಾಪ್ತಿಯೊಳಗೆ ನಿಮ್ಮ ಸಿಒಬಿ ಬರುವ ಹೊಸದು ಹುಡುಕಿ.

ಪ್ರಶ್ನೆ: ಟೈಮರ್ ಮೇಲೆ 16 ಆಂಪಿಯರ್ ಎಂದಿದೆ, ನಾನು ಹಾಕಿದ್ದು ನಾಲ್ಕು ಲೈಟ್, ಒಟ್ಟು 400 ವಾಟ್. ಆದರೂ ಟೈಮರ್ ಆನ್‌ನಲ್ಲೇ ಅಂಟಿಕೊಂಡು ಲೈಟು ಆರುತ್ತಿಲ್ಲ.

ಉತ್ತರ: ನನ್ನದೊಂದು ಟೈಮರ್ ಹೀಗೇ ಹೋಯಿತು, ಎರಡು ರಾತ್ರಿ ಸಸಿಗಳಿಗೆ ಕತ್ತಲೆಯೇ ಸಿಗಲಿಲ್ಲ ಅನ್ನೋದು ಆಮೇಲೆ ಗೊತ್ತಾಗಿ ಬೇಜಾರಾಯಿತು. 16 ಆಂಪಿಯರ್ ಅನ್ನೋದು ಹೀಟರಿನಂಥ ಸಾಧನಗಳ ಲೆಕ್ಕ. ಎಲ್‌ಇಡಿ ಡ್ರೈವರಿನ ಒಳಗಿನ ಕೆಪಾಸಿಟರ್ ಖಾಲಿ ಇರುತ್ತದೆ, ಸ್ವಿಚ್ ಹಾಕಿದ ಆ ಒಂದು ಕ್ಷಣ ಅದು ತುಂಬಿಕೊಳ್ಳಲು ಹತ್ತಾರು ಆಂಪಿಯರ್ ಎಳೆಯುತ್ತದೆ. ನಾಲ್ಕು ಡ್ರೈವರ್ ಒಟ್ಟಿಗೆ ಎಳೆದರೆ ಕಿಡಿ ಹಾರಿ ಟೈಮರಿನೊಳಗಿನ ರಿಲೇಯ (ತಾನೇ ಆನ್ ಆಫ್ ಆಗುವ ಸ್ವಿಚ್ಚಿನ) ಪಾಯಿಂಟ್‌ಗಳು ಬೆಸೆದುಕೊಳ್ಳುತ್ತವೆ. ಎಂಸಿಬಿ ಬೆಳಗ್ಗೆ ಲೈಟ್ ಹತ್ತುವ ಹೊತ್ತಿಗೇ ಟ್ರಿಪ್ ಆಗುತ್ತದೆ ಎಂದು ಬರೆದವರಿಗೂ ಇದೇ ಉತ್ತರ. ಟೈಮರ್ ಒಂದು ಕಾಂಟ್ಯಾಕ್ಟರನ್ನು (ಜೋರು ಕರೆಂಟ್ ತಡೆಯುವ ದೊಡ್ಡ ರಿಲೇಯನ್ನು) ಮಾತ್ರ ನಡೆಸಲಿ, ಲೈಟಿನ ಭಾರವನ್ನು ಕಾಂಟ್ಯಾಕ್ಟರ್ ಹೊರಲಿ. ಅದು ಬೇಡವಾದರೆ ಎರಡು ಟೈಮರ್ ಇಟ್ಟು, ಒಂದಾದ ಮೇಲೆ ಒಂದು ಹತ್ತುವಂತೆ ಐದು ನಿಮಿಷ ವ್ಯತ್ಯಾಸ ಕೊಡಿ.

ಪ್ರಶ್ನೆ: ಇಪ್ಪತ್ತನಾಲ್ಕು ಗಂಟೆಯೂ ಲೈಟ್ ಹಾಕಿದರೆ ಬೇಗ ಬೆಳೆಯುತ್ತದಾ?

ಉತ್ತರ: ಟೊಮ್ಯಾಟೊ ಆದರೆ ಎಲೆ ಹಳದಿ ಆಗಿ ಹಾಳಾಗುತ್ತದೆ. ಸೇವಂತಿಗೆ ಆದರೆ ಹೂವೇ ಬಿಡುವುದಿಲ್ಲ, ಅದಕ್ಕೆ ಉದ್ದದ ರಾತ್ರಿ ಬೇಕು. ಸಸಿ, ಸೊಪ್ಪುಗಳಿಗೆ 14ರಿಂದ 16 ಗಂಟೆ ಸಾಕು. 100 ವಾಟ್ ಲೈಟನ್ನು 14 ಗಂಟೆ ಉರಿಸಿದರೆ ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42.

ಪ್ರಶ್ನೆ: ಸ್ವಿಚ್ ಆಫ್ ಮಾಡಿದ ಮೇಲೂ ಲೈಟು ಮಿಣುಮಿಣು ಅನ್ನುತ್ತದೆ. ರಾತ್ರಿ ಗಿಡಕ್ಕೆ ತೊಂದರೆಯೇ?

ಉತ್ತರ: ಅಷ್ಟು ಕಡಿಮೆ ಬೆಳಕಿಗೆ ಸೊಪ್ಪಿನ ಗಿಡಗಳಿಗೆ ಏನೂ ಆಗುವುದಿಲ್ಲ. ನನ್ನ ಚಿಂತೆ ನಿಮ್ಮ ಬಗ್ಗೆ. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿದ್ದರೆ ಹೀಗಾಗುತ್ತದೆ, ಆಗ ಆಫ್ ಮಾಡಿದರೂ ಲೈಟಿನ ತನಕ ಫೇಸ್ ಬಂದೇ ಇರುತ್ತದೆ. ಉದ್ದದ ವೈರುಗಳು ಒಟ್ಟಿಗೆ ಓಡಿದಾಗಲೂ ಸ್ವಲ್ಪ ಕರೆಂಟ್ ಹಾಯ್ದು ಹೀಗಾಗುವುದುಂಟು, ಅದು ಅಪಾಯ ಅಲ್ಲ. ಎರಡರಲ್ಲಿ ಯಾವುದು ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಆ ಲೈಟನ್ನು ಬಿಚ್ಚುವ, ಒರೆಸುವ ಕೆಲಸ ಇದ್ದರೆ ಮೈನ್ ಸ್ವಿಚ್ ಆಫ್ ಮಾಡಿಕೊಂಡೇ ಮಾಡಿ.